ಎಳೆಯ ಕುದುರೆಮರಿಯ ಭೇದಿ

ಕುದುರೆಯ ಸೊಬಗನ್ನೂ ವೇಗವನ್ನೂ ನಮ್ಮ ಕವಿಗಳು ಮನದಣಿಯೆ ಬಣ್ಣಿಸಿದ್ದಾರೆ. ಶಿಲ್ಪಿಗಳು ದೇವಾಲಯದ ಭಿತ್ತಿಗಳ ಮೇಲೆ ಸಾಲುಸಾಲಾಗಿ ಕುದುರೆಗಳನ್ನು ಕಡೆದಿದ್ದಾರೆ. ಆದರೆ ಕವಿಗೂ ಶಿಲ್ಪಿಗೂ ಬೇಕಾಗಿದ್ದುದು ರಣರಂಗದ ಕುದುರೆ. ಹುಟ್ಟಿ ಎರಡು ದಿನವಾದ, ನಡುಗುವ ನೀಳ ಕಾಲುಗಳ ಮೇಲೆ ನಿಲ್ಲಲು ಹವಣಿಸುವ ಮರಿಯಲ್ಲ. 13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ಪೂರ್ವ ಕರಾವಳಿಯನ್ನು ಕಂಡ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ, ಅಲ್ಲಿಯ ಅರಸರು ಕಡಲಾಚೆಯಿಂದ ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ತರಿಸುತ್ತಿದ್ದರೆಂದೂ, ಆರೈಕೆ ಬಲ್ಲವರಿಲ್ಲದೆ ಅವುಗಳಲ್ಲಿ ಬಹುಪಾಲು ಸಾಯುತ್ತಿದ್ದವೆಂದೂ, ಅಲ್ಲಿ ಹುಟ್ಟಿದ ಮರಿಗಳು ಕುಳ್ಳಾಗಿ ಸೊಟ್ಟಗಾಲಿನವಾಗಿರುತ್ತಿದ್ದವೆಂದೂ ಬರೆದಿದ್ದಾನೆ. ವಿಜಯನಗರದ ಅರಸರು ಕೂಡ ಹಡಗಿನಲ್ಲಿ ಬಂದ ಕುದುರೆಗಳನ್ನೇ ನೆಚ್ಚಿಕೊಂಡಿದ್ದರು. ಬೆಳೆದ ಕುದುರೆಯನ್ನು ಹೊನ್ನು ಕೊಟ್ಟು ಕೊಳ್ಳಬಹುದು. ಮರಿಯನ್ನು ಉಳಿಸಿ ಬೆಳೆಸುವುದಕ್ಕೆ ಹೊನ್ನಿಗಿಂತ ಹೆಚ್ಚಿನದೇನೋ ಬೇಕು.

ಆ ಹೆಚ್ಚಿನದೇನೆಂಬುದನ್ನು ತಿಳಿಯುವ ಹಂಬಲ ನಮ್ಮವರಿಗೆ ಇರಲಿಲ್ಲವೆಂದಲ್ಲ. 12ನೆಯ ಶತಮಾನದಲ್ಲಿಯೇ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ರಚಿಸಿದನು. ಅನಂತರ ಅಭಿನವಚಂದ್ರನು ಕುದುರೆಗಳ ಶಾಸ್ತ್ರವನ್ನು ಕನ್ನಡಕ್ಕೆ ತಂದನು. ತುಮಕೂರು ಜಿಲ್ಲೆಯ ಕುಣಿಗಲ್ಲು ಟಿಪ್ಪುವಿನ ಕಾಲದಿಂದಲೂ ಕುದುರೆಯ ಸಾಕಣೆಗೆ ಹೆಸರಾಯಿತು. ಆದ್ದರಿಂದ ಈ ಹೊತ್ತಿನ ವಿಷಯ ಮೇಲ್ನೋಟಕ್ಕೆ ಲಾಯದವರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಿದರೂ ನಮಗೆ ತೀರ ಹೊರಗಿನದಲ್ಲ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಕುದುರೆಮರಿಗೆ ತಗಲುವ ಭೇದಿಯನ್ನು ಗುರುತಿಸುವ ಮತ್ತು ಗುಣಪಡಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಮರಿಯ ಸ್ಥಿತಿಯನ್ನು ನೋಡೋಣ. ತಾಯಿಯ ಗರ್ಭದಲ್ಲಿ ಸುಮಾರು ಹನ್ನೊಂದು ತಿಂಗಳು ಬೆಳೆದು ಹೊರಬರುವ ಮರಿ ಒಳ್ಳೆಯ ಜಾತಿಯದಾದರೆ 45ರಿಂದ 50 ಕಿಲೋಗ್ರಾಂ ತೂಗುತ್ತದೆ. ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಎರಡು ಗಂಟೆಯೊಳಗೆ ಕೆಚ್ಚಲನ್ನು ಹುಡುಕಿ ಹಾಲು ಕುಡಿಯುತ್ತದೆ. ಮನುಷ್ಯನ ಕೂಸಿಗೆ ವರ್ಷ ಹಿಡಿಯುವ ಕೆಲಸವನ್ನು ಅದು ಮೊದಲ ದಿನವೇ ಮುಗಿಸಿಬಿಡುತ್ತದೆ. ಆದರೆ ಒಂದು ವಿಷಯದಲ್ಲಿ ಮನುಷ್ಯನ ಕೂಸಿಗಿಂತ ಅದು ಬಡವ. ರೋಗವನ್ನೆದುರಿಸುವ ಪ್ರತಿಕಾಯಗಳೆಂಬ ವಸ್ತುಗಳು ನಮ್ಮ ಕೂಸಿಗೆ ಗರ್ಭದಲ್ಲಿದ್ದಾಗಲೇ ತಾಯಿಯ ರಕ್ತದಿಂದ ದೊರೆಯುತ್ತವೆ. ಕುದುರೆಯ ಗರ್ಭಕೋಶಕ್ಕೂ ಮರಿಯ ರಕ್ತಕ್ಕೂ ನಡುವಣ ಗೋಡೆ ದಪ್ಪವಾದದ್ದು. ಅದನ್ನು ಪ್ರತಿಕಾಯಗಳು ದಾಟಲಾರವು. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದರ ಪಾಲಿನ ಆಸ್ತಿಯೆಲ್ಲ ಇರುವುದು ಗಿಣ್ಣುಹಾಲಿನಲ್ಲಿ.

ಆ ಆಸ್ತಿಗೆ ಕಾಲಮಿತಿಯೂ ಉಂಟು. ನವಜಾತ ಮರಿಯ ಕರುಳು ಗಿಣ್ಣುಹಾಲಿನ ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳಬಲ್ಲುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಗಂಟೆಗಂಟೆಗೂ ಆ ಬಾಗಿಲು ಕಿರಿದಾಗುತ್ತ ಹೋಗಿ, ಸುಮಾರು ಒಂದು ದಿನ ಕಳೆಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಮೊದಲ ಆರೆಂಟು ಗಂಟೆಗಳಲ್ಲಿ ಒಂದೆರಡು ಲೀಟರು ಒಳ್ಳೆಯ ಗಿಣ್ಣು ಹೊಟ್ಟೆಗೆ ಹೋದ ಮರಿಗೂ, ಹೋಗದ ಮರಿಗೂ ಹೊರನೋಟಕ್ಕೆ ವ್ಯತ್ಯಾಸ ಕಾಣದು. ವ್ಯತ್ಯಾಸ ತಿಳಿಯುವುದು ಮೂರನೆಯ ಅಥವಾ ನಾಲ್ಕನೆಯ ದಿನ ಭೇದಿ ಆರಂಭವಾದಾಗ. ಅದಕ್ಕಾಗಿಯೇ ಮರಿ ಹುಟ್ಟಿದ ಮೊದಲ ದಿನ ಕಳೆಯುತ್ತಿದ್ದಂತೆ ಅದರ ರಕ್ತವನ್ನು ಪರೀಕ್ಷಿಸುವ ಪದ್ಧತಿಯುಂಟು. ಒಂದು ಡೆಸಿಲೀಟರು ರಕ್ತದಲ್ಲಿ 800 ಮಿಲಿಗ್ರಾಮಿಗಿಂತ ಹೆಚ್ಚು ಪ್ರತಿಕಾಯವಿದ್ದರೆ ಸಮಾಧಾನ. 400ಕ್ಕಿಂತ ಕಡಿಮೆಯಾದರೆ ತಾಯಿಯ ಕೊಡುಗೆ ಮರಿಗೆ ಮುಟ್ಟಲಿಲ್ಲವೆಂದೇ ಅರ್ಥ. ಆಗ ಬೇರೆ ಆರೋಗ್ಯವಂತ ಕುದುರೆಯ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮವನ್ನು ಮರಿಯ ರಕ್ತನಾಳಕ್ಕೆ ಹಾಯಿಸಿ ಆ ಕೊರತೆಯನ್ನು ತುಂಬಬೇಕಾಗುತ್ತದೆ.

ಈಗ ಭೇದಿಯ ವಿಚಾರಕ್ಕೆ ಬರೋಣ. ಭೇದಿಯೆಂಬುದು ಒಂದು ರೋಗದ ಹೆಸರಲ್ಲ. ಹಲವು ರೋಗಗಳು ತೋರುವ ಒಂದೇ ಚಿಹ್ನೆ. ಅದರ ಹಿಂದೆ ಏನೂ ಇಲ್ಲದಿರಬಹುದು, ಸಾವೇ ಇರಬಹುದು. ಕುದುರೆಮರಿಗಳಲ್ಲಿ ಭೇದಿ ಎಷ್ಟು ಸಾಮಾನ್ಯವೆಂದರೆ, ಮೊದಲ ತಿಂಗಳಲ್ಲಿ ಒಮ್ಮೆಯೂ ಲದ್ದಿ ತೆಳುವಾಗದ ಮರಿಯೇ ಕಡಿಮೆ. ಹೀಗೆ ಸಾಮಾನ್ಯವಾಗಿರುವುದೇ ಇಲ್ಲಿ ಅಪಾಯಕ್ಕೆ ಕಾರಣ. ಹತ್ತು ಮರಿಗಳಲ್ಲಿ ತಾನಾಗಿ ನಿಂತದ್ದನ್ನು ಕಂಡವನು ಹನ್ನೊಂದನೆಯದರಲ್ಲಿಯೂ ನಿಲ್ಲುವುದೆಂದು ಕಾಯುತ್ತಾನೆ. ಆ ಹನ್ನೊಂದನೆಯದಕ್ಕೆ ಕಾಯುವಷ್ಟು ಕಾಲವಿರುವುದಿಲ್ಲ.

ನಿರಪಾಯವಾದ ಭೇದಿಯೊಂದಿದೆ. ಮರಿ ಹಾಕಿದ ಏಳರಿಂದ ಹನ್ನೆರಡು ದಿನಗಳ ಆಸುಪಾಸಿನಲ್ಲಿ ತಾಯಿಕುದುರೆ ಮತ್ತೆ ಬೆದೆಗೆ ಬರುತ್ತದೆ. ಸರಿಸುಮಾರು ಅದೇ ಸಮಯಕ್ಕೆ ಮರಿಯ ಲದ್ದಿ ಸಡಿಲವಾಗುತ್ತದೆ. ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವುದರಿಂದ, ಬೆದೆಯ ಕಾಲದಲ್ಲಿ ತಾಯಿಯ ಹಾಲು ಕೆಡುತ್ತದೆ, ಅದನ್ನು ಕುಡಿದು ಮರಿಗೆ ಭೇದಿಯಾಗುತ್ತದೆ ಎಂದು ಕುದುರೆ ಸಾಕುವವರು ನಾಡುನಾಡುಗಳಲ್ಲಿ ಬಹುಕಾಲ ನಂಬಿದ್ದರು. ಈ ನಂಬಿಕೆಯನ್ನು ಸಡಿಲಿಸಿದ ಸಂಗತಿ ಬಹು ಸರಳವಾದದ್ದು. ತಾಯಿಯಿಂದ ಬೇರ್ಪಡಿಸಿ ಬೇರೆ ಹಾಲನ್ನು ಕುಡಿಸಿ ಬೆಳೆಸಿದ ಮರಿಗಳಿಗೂ ಅದೇ ವಯಸ್ಸಿನಲ್ಲಿ ಅದೇ ಭೇದಿ ಬಂದಿತು. ತಪ್ಪು ತಾಯಿಯ ಹಾಲಿನದಲ್ಲ. ಹುಟ್ಟಿದಾಗ ಏನೂ ಇಲ್ಲದ ಕರುಳಿನಲ್ಲಿ ಕೋಟಿಕೋಟಿ ಸೂಕ್ಷ್ಮಜೀವಿಗಳು ನೆಲೆಯೂರಿ, ಹುಲ್ಲು ಅರಗಿಸುವ ಮುಂದಿನ ಬದುಕಿಗೆ ಅದು ಅಣಿಯಾಗುವ ಹೊತ್ತಿನ ಏರುಪೇರು ಇದೆಂದು ಈಗ ತಿಳಿಯಲಾಗಿದೆ. ಮರಿ ತಾಯಿಯ ಲದ್ದಿಯನ್ನು ತಿನ್ನುವುದನ್ನು ಕಂಡು ಹೇಸಿ ಓಡಿಸುವವರಿದ್ದಾರೆ. ಆದರೆ ಅದು ಸಹಜವಾದದ್ದೇ. ಆ ಮೂಲಕವೂ ಉಪಕಾರಿಯಾದ ಜೀವಿಗಳು ಮರಿಯ ಹೊಟ್ಟೆಯನ್ನು ಸೇರುತ್ತವೆ. ಈ ಬಗೆಯ ಭೇದಿಯಲ್ಲಿ ಜ್ವರವಿರುವುದಿಲ್ಲ. ಮರಿ ಚುರುಕಾಗಿ ಕುಣಿಯುತ್ತದೆ, ಹಾಲು ಕುಡಿಯುತ್ತದೆ. ಕೆಲವು ದಿನಗಳಲ್ಲಿ ಔಷಧವಿಲ್ಲದೆಯೇ ಭೇದಿ ನಿಲ್ಲುತ್ತದೆ.

ಅಪಾಯದ ಭೇದಿಗಳು ಬೇರೆ. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ ಬಂದ ಭೇದಿಯನ್ನು ಎಂದೂ ಹಗುರವಾಗಿ ಎಣಿಸಬಾರದು. ಆಗ ರಕ್ತಕ್ಕೇ ನಂಜು ಏರಿದ್ದು, ಭೇದಿ ಅದರ ಒಂದು ಮುಖ ಮಾತ್ರವಾಗಿರಬಹುದು. ಕ್ಲಾಸ್ಟ್ರಿಡಿಯಮ್ ಎಂಬ ಬ್ಯಾಕ್ಟೀರಿಯದ ಕೆಲವು ಬಗೆಗಳು ವಿಷವನ್ನುಂಟುಮಾಡಿ ಕರುಳಿನ ಒಳಪದರವನ್ನು ಕೊಳೆಯಿಸುತ್ತವೆ. ಆಗ ಮಲದಲ್ಲಿ ರಕ್ತ ಬೀಳುತ್ತದೆ, ಹೊಟ್ಟೆ ಉಬ್ಬುತ್ತದೆ, ಮರಿ ನೋವಿನಿಂದ ಹೊರಳಾಡುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮರಿ ಸಂಜೆಗೆ ಇಲ್ಲವಾಗಬಹುದು. ಸಾಲ್ಮೊನೆಲ್ಲ ಯಾವ ವಯಸ್ಸಿನಲ್ಲಾದರೂ ಬರಬಹುದು. ಏನೂ ಕಾಯಿಲೆ ತೋರದ ತಾಯಿಯೇ ಅದನ್ನು ತನ್ನ ಕರುಳಿನಲ್ಲಿ ಹೊತ್ತು ಮರಿಗೆ ಅಂಟಿಸಬಹುದು. ಇನ್ನು ಒಂದು ಲಾಯದ ಮರಿಗಳಿಗೆಲ್ಲ ಸಾಲಾಗಿ ಭೇದಿ ಹಿಡಿಸುವುದರಲ್ಲಿ ಹೆಸರಾದದ್ದು ರೋಟಾ ವೈರಸ್.

ರೋಟಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಕ್ರ. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ವೈರಸ್ಸನ್ನು ಕಂಡರು. ಇಂಗ್ಲೆಂಡಿನ ಥಾಮಸ್ ಫ್ಲೂಯೆಟ್ ಅದರ ಗಾಲಿಯಂಥ ಆಕಾರವನ್ನು ನೋಡಿ ಆ ಹೆಸರನ್ನು ಸೂಚಿಸಿದರು. ಮಕ್ಕಳಲ್ಲಿ ಕಂಡ ಒಂದೆರಡು ವರ್ಷಗಳಲ್ಲಿಯೇ ಕುದುರೆಮರಿಗಳ ಭೇದಿಯಲ್ಲಿಯೂ ಅದರ ಬಳಗದ ವೈರಸ್ ಕಾಣಿಸಿತು. ಸಣ್ಣ ಕರುಳಿನ ಒಳಗೋಡೆಯ ಮೇಲೆ ಮಖಮಲ್ಲಿನ ಜುಂಗಿನಂತೆ ಕೋಟ್ಯಂತರ ಕಿರುಬೆರಳುಗಳಿರುತ್ತವೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವುದು ಇವುಗಳ ತುದಿಯಲ್ಲಿ. ವೈರಸ್ ಈ ತುದಿಗಳನ್ನೇ ಮೊಟಕುಗೊಳಿಸುತ್ತದೆ. ಒಡೆಯದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತದೆ. ಆ ನೀರು ಭೇದಿಯಾಗಿ ಹೊರಗೆ ಹರಿಯುತ್ತದೆ. ಹೀಗೆ ಪ್ರಾಣಾಧಾರವಾದ ಹಾಲೇ ಕೆಲವು ದಿನ ಹೊರೆಯಾಗುತ್ತದೆ. ತುದಿಗಳು ಮತ್ತೆ ಬೆಳೆಯುತ್ತವೆ. ಅಲ್ಲಿಯವರೆಗೆ ಮರಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ.

ರೋಗದ ಹೆಸರನ್ನು ಕಂಡುಹಿಡಿಯುವುದು ಎಷ್ಟು ಕಷ್ಟವೆಂಬುದಕ್ಕೆ ಒಂದು ಉದಾಹರಣೆ ಸಾಕು. ಅಮೆರಿಕದ ಕೆಂಟಕಿ ರಾಜ್ಯ ಜೂಜಿನ ಕುದುರೆಗಳ ತವರು. ಅಲ್ಲಿ ತಾಯಿಕುದುರೆಗಳಿಗೆ ಗಬ್ಬದ ಎಂಟು, ಒಂಬತ್ತು, ಹತ್ತನೆಯ ತಿಂಗಳುಗಳಲ್ಲಿ ರೋಟಾ ವೈರಸ್ಸಿನ ಲಸಿಕೆ ಹಾಕುವ ವಾಡಿಕೆಯಿದೆ. 2021ರ ಮರಿಗಳ ಕಾಲದಲ್ಲಿ, ಹುಟ್ಟಿ ಎರಡರಿಂದ ಏಳು ದಿನಗಳಾದ ಮರಿಗಳಲ್ಲಿ ತೀವ್ರವಾದ ನೀರುಭೇದಿ ತೋರಿ ಲಾಯದಿಂದ ಲಾಯಕ್ಕೆ ಹಬ್ಬಿತು. ಬಳಕೆಯಲ್ಲಿದ್ದ ರೋಟಾ ಪರೀಕ್ಷೆಗಳೆಲ್ಲ ರೋಟಾ ಇಲ್ಲವೆಂದೇ ಹೇಳಿದವು. ಕಡೆಗೆ ಕೆಂಟಕಿ ವಿಶ್ವವಿದ್ಯಾನಿಲಯದ ಸಂಶೋಧಕರು ಮಲದಲ್ಲಿದ್ದ ವೈರಸ್ಸುಗಳ ವಂಶವಾಹಿಯ ಅಕ್ಷರಗಳನ್ನೇ ಓದಿ ನೋಡಿದಾಗ, ಅದು ರೋಟಾ ವೈರಸ್ಸೇ, ಆದರೆ ಎ ಗುಂಪಿನದಲ್ಲ, ಬಿ ಗುಂಪಿನದು ಎಂದು ತಿಳಿಯಿತು. ಮೆಲುಕು ಹಾಕುವ ಪ್ರಾಣಿಗಳಲ್ಲಿ ಕಾಣುವ ಬಗೆಗೆ ಅದು ಹತ್ತಿರದ ನಂಟಿನದಾಗಿತ್ತು. ಪರೀಕ್ಷೆಗಳೂ ಲಸಿಕೆಯೂ ಎ ಗುಂಪನ್ನೇ ಲಕ್ಷ್ಯದಲ್ಲಿರಿಸಿಕೊಂಡು ರೂಪಿಸಿದವು. ಹೆಸರು ತಿಳಿಯದೆ ಇದ್ದ ಆ ಅವಧಿಯಲ್ಲಿ ವೈದ್ಯರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ವೈರಸ್ ಯಾವುದೇ ಆಗಿರಲಿ, ಮರಿಗೆ ಮೊದಲು ಬೇಕಾದುದು ಒಂದೇ: ಕಳೆದುಹೋದ ನೀರು ಮತ್ತು ಲವಣ.

ಹಾಗಾದರೆ ಲಾಯದಲ್ಲಿರುವವನು ಏನನ್ನು ನೋಡಬೇಕು? ಲದ್ದಿಯ ಬಣ್ಣವನ್ನೂ ತೆಳುವನ್ನೂ ನೋಡಲಿ. ಆದರೆ ಅದಕ್ಕಿಂತ ಹೆಚ್ಚಾಗಿ ಮರಿಯನ್ನು ನೋಡಲಿ, ಮರಿಗಿಂತಲೂ ಮೊದಲು ತಾಯಿಯ ಕೆಚ್ಚಲನ್ನು ನೋಡಲಿ. ಮೊದಲ ವಾರದ ಮರಿ ಗಂಟೆಗೆ ಹಲವು ಸಲ ಹಾಲು ಕುಡಿಯುತ್ತದೆ. ದಿನವೊಂದಕ್ಕೆ ತನ್ನ ತೂಕದ ಐದನೆಯ ಒಂದು ಭಾಗಕ್ಕೂ ಮಿಗಿಲಾಗಿ, ಅಂದರೆ ಹತ್ತು ಹನ್ನೆರಡು ಲೀಟರುಗಳಷ್ಟು ಹೀರುತ್ತದೆ. ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿದ್ದರೆ ಮರಿ ಕುಡಿಯುವುದನ್ನು ಬಿಟ್ಟಿದೆಯೆಂದು ತಿಳಿಯಬೇಕು. ಮರಿಯ ಹಣೆಯ ಮೇಲೆ ಹಾಲು ಒಣಗಿದ ಗುರುತಿದ್ದರೆ ಅದೂ ಒಳ್ಳೆಯ ಚಿಹ್ನೆಯಲ್ಲ. ಮರಿ ಅಭ್ಯಾಸಬಲದಿಂದ ತಾಯಿಯ ಹೊಟ್ಟೆಯ ಕೆಳಗೆ ಹೋಗಿ ನಿಂತಿದೆ, ಹಾಲು ತಲೆಯ ಮೇಲೆ ಸುರಿದಿದೆ, ಬಾಯೊಳಕ್ಕೆ ಹೋಗಿಲ್ಲ. ಭೇದಿ ಕಾಣಿಸುವುದಕ್ಕೆ ಮುನ್ನವೇ ಕೆಚ್ಚಲು ಈ ಸುದ್ದಿಯನ್ನು ಹೇಳಬಲ್ಲುದು.

ಅನಂತರ ಮರಿಯ ಮೈಯನ್ನು ಪರೀಕ್ಷಿಸಬೇಕು. ಗುದದ್ವಾರದಲ್ಲಿ ಇರಿಸಿದ ಉಷ್ಣಮಾಪಕ ಸಾಮಾನ್ಯವಾಗಿ 37.2ರಿಂದ 38.9 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಅದಕ್ಕಿಂತ ಹೆಚ್ಚಾದರೆ ಜ್ವರ. ಕಡಿಮೆಯಾದರೆ ಇನ್ನೂ ಹೆಚ್ಚಿನ ಭಯ, ಏಕೆಂದರೆ ಮೈ ಕಾವನ್ನು ಕಾಯ್ದುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿದೆ. ಒಸಡು ತೇವವಾಗಿ ನಸುಗೆಂಪಾಗಿರಬೇಕು. ಅದು ಒಣಗಿ ಅಂಟಂಟಾಗಿದ್ದರೆ, ಕಿವಿ ಕಾಲುಗಳು ತಣ್ಣಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ಮೈಯ ನೀರು ಆರಿದೆ. ಕಣ್ಣು ಒಳಸೇರಿದಾಗ ರೆಪ್ಪೆ ಒಳಮಡಿಚಿ, ಎವೆಗೂದಲು ಕಣ್ಣಿನ ಪಾಪೆಗೆ ತಾಗಿ ಹುಣ್ಣಾಗುವುದುಂಟು. ಭೇದಿಯನ್ನು ಗೆದ್ದ ಮರಿ ಕಣ್ಣನ್ನು ಕಳೆದುಕೊಳ್ಳಬಾರದಲ್ಲವೆ? ಕೀಲುಗಳು ಊದಿವೆಯೆ, ಹೊಕ್ಕುಳು ದಪ್ಪವಾಗಿದೆಯೆ ಎಂಬುದನ್ನೂ ನೋಡಬೇಕು; ನಂಜು ರಕ್ತದಲ್ಲಿ ಹರಡಿದ್ದರೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಮರಿ ಮಂಕಾಗಿದ್ದರೆ, ಕುಡಿಯದಿದ್ದರೆ, ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ, ಅಥವಾ ಅದಕ್ಕೆ ಇನ್ನೂ ಮೂರು ದಿನ ತುಂಬಿಲ್ಲದಿದ್ದರೆ, ಇವುಗಳಲ್ಲಿ ಒಂದೇ ಒಂದು ಕಂಡರೂ ಪಶುವೈದ್ಯರನ್ನು ಕರೆಸಲು ಬೆಳಗಾಗಲೆಂದು ಕಾಯಬಾರದು.

ವೈದ್ಯರು ಬಂದು ರಕ್ತವನ್ನೂ ಮಲವನ್ನೂ ಪರೀಕ್ಷೆಗೆ ಕಳುಹಿಸುತ್ತಾರೆ. ರಕ್ತದ ಬಿಳಿಯ ಕಣಗಳು ಇಳಿದಿವೆಯೆ, ಸಕ್ಕರೆ ಎಷ್ಟಿದೆ, ಆಮ್ಲತೆ ಏರಿದೆಯೆ, ಪ್ರತಿಕಾಯಗಳು ಸಾಕಷ್ಟಿವೆಯೆ ಎಂಬುದು ಬೇಗ ತಿಳಿಯುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯ ಬೆಳೆಯುವುದೆ ಎಂಬುದನ್ನು ನೋಡಲು ದಿನಗಳು ಬೇಕು. ಸಾಲ್ಮೊನೆಲ್ಲ ಇಲ್ಲವೆಂದು ಹೇಳಲು ಒಂದು ಸಲದ ಮಲ ಸಾಲದು. ಮತ್ತೆ ಮತ್ತೆ ಪರೀಕ್ಷಿಸಬೇಕು. ಇದೆಲ್ಲ ಮುಗಿಯುವವರೆಗೆ ಚಿಕಿತ್ಸೆ ನಿಲ್ಲುವುದಿಲ್ಲ.

ಚಿಕಿತ್ಸೆಯ ಮೂಲತತ್ತ್ವವನ್ನು ಅರಿಯಲು ಮತ್ತೆ ಮನುಷ್ಯರ ಕಡೆಗೆ ತಿರುಗಬೇಕು. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬನಗಾಂವಿನ ಶಿಬಿರದಲ್ಲಿ ಡಾಕ್ಟರ್ ದಿಲೀಪ ಮಹಲನಾಬಿಸರು ರಕ್ತನಾಳಕ್ಕೆ ಕೊಡುವ ದ್ರವ ಸಾಲದಾಗಿ ಬಂದುದರಿಂದ ಸಕ್ಕರೆ ಉಪ್ಪುಗಳನ್ನು ನೀರಿನಲ್ಲಿ ಕಲಸಿ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಹೀರುತ್ತದೆ, ಉಪ್ಪಿನ ಹಿಂದೆ ನೀರು ತಾನಾಗಿ ಹೋಗುತ್ತದೆ ಎಂಬುದೇ ಅದರ ಗುಟ್ಟು. ಕುದುರೆಮರಿಯ ಕರುಳಿಗೂ ಇದೇ ನಿಯಮ. ಭೇದಿ ಸಾಧಾರಣವಾಗಿದ್ದು ಮರಿ ಇನ್ನೂ ಚೀಪುತ್ತಿದ್ದರೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಲವಣದ ನೀರನ್ನು ಕೊಡಬಹುದು. ತಾಯಿಯ ಹಾಲನ್ನು ನಿಲ್ಲಿಸಬೇಕಿಲ್ಲ. ನಿತ್ರಾಣವಾದ ಮರಿಯ ಬಾಯಿಗೆ ಬಲವಂತದಿಂದ ನೀರು ಸುರಿಯುವುದು ಮಾತ್ರ ಸಲ್ಲದು. ಅದು ಶ್ವಾಸಕೋಶಕ್ಕೆ ಇಳಿದರೆ ಭೇದಿಗಿಂತ ಮುಂಚೆ ನ್ಯುಮೋನಿಯ ಕೊಲ್ಲುತ್ತದೆ. ಅಂಥ ಮರಿಗೆ ರಕ್ತನಾಳದ ಮೂಲಕವೇ ದ್ರವ, ಲವಣ ಮತ್ತು ಗ್ಲೂಕೋಸು ಹೋಗಬೇಕು. ನವಜಾತ ಮರಿಯ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಬಹು ಅಲ್ಪ. ಕೆಲವು ಗಂಟೆಗಳ ಉಪವಾಸವೂ ಅದಕ್ಕೆ ದೊಡ್ಡದು. ಕರುಳು ತೀರ ಹಾಳಾದಾಗ ವೈದ್ಯರು ಒಂದು ದಿನ ಹಾಲನ್ನು ತಡೆದು ಕರುಳಿಗೆ ವಿಶ್ರಾಂತಿ ಕೊಡುವುದುಂಟು. ಆದರೆ ಆಗ ಆಹಾರವನ್ನು ರಕ್ತನಾಳದ ಮೂಲಕ ಒದಗಿಸುತ್ತಾರೆ. ಲಾಯದವರು ತಾವಾಗಿಯೇ ಮರಿಯ ಬಾಯಿಗೆ ಕುಕ್ಕೆ ಕಟ್ಟಿ ಹಾಲು ಬಿಡಿಸುವುದು ಚಿಕಿತ್ಸೆಯಲ್ಲ, ಅದು ಉಪವಾಸ ಕೆಡವುವುದು.

ಪ್ರತಿಜೈವಿಕ ಔಷಧಗಳ ವಿಷಯದಲ್ಲಿ ಎರಡು ಮಾತು. ವೈರಸ್ಸಿನ ಮೇಲೆ ಅವು ನಡೆಯವು. ತಿಂಗಳು ತುಂಬಿದ ಚುರುಕಾದ ಮರಿಗೆ ಸುಮ್ಮಸುಮ್ಮನೆ ಕೊಟ್ಟರೆ ಕರುಳಿನ ಒಳ್ಳೆಯ ಜೀವಿಗಳನ್ನೂ ಅಳಿಸುತ್ತವೆ. ಆದರೆ ಹುಟ್ಟಿದ ಕೆಲವೇ ದಿನಗಳ ಮರಿಯ ಗಾಯಗೊಂಡ ಕರುಳಿನಿಂದ ಬ್ಯಾಕ್ಟೀರಿಯ ರಕ್ತಕ್ಕೆ ನುಗ್ಗುವುದು ಸುಲಭ. ಅಲ್ಲಿ ವೈದ್ಯರು ಪರೀಕ್ಷೆಯ ಫಲಕ್ಕೆ ಕಾಯದೆ ಅವನ್ನು ಕೊಡುತ್ತಾರೆ. ಕೆಲವು ಔಷಧಗಳು ನೀರು ಆರಿದ ಮರಿಯ ಮೂತ್ರಪಿಂಡಕ್ಕೆ ಕೇಡು ಮಾಡುವುದರಿಂದ, ಯಾವುದನ್ನು ಎಷ್ಟು ಎಂಬುದು ವೈದ್ಯರ ತೀರ್ಮಾನವಾಗಿಯೇ ಇರಬೇಕು. ಕರುಳಿನ ಚಲನೆಯನ್ನೇ ನಿಲ್ಲಿಸಿ ಭೇದಿ ಕಟ್ಟುವ ಮದ್ದನ್ನಂತೂ ತಾವಾಗಿ ಕೊಡಬಾರದು. ವಿಷ ಕರುಳಿನಲ್ಲಿರುವಾಗ ಭೇದಿಯನ್ನು ಕಟ್ಟುವುದು ಕಳ್ಳನನ್ನು ಒಳಗಿರಿಸಿ ಬಾಗಿಲಿಗೆ ಬೀಗ ಹಾಕಿದಂತೆ.

ಔಷಧದಷ್ಟೇ ಮುಖ್ಯವಾದ ಶುಶ್ರೂಷೆಯೊಂದಿದೆ. ಹರಿಯುವ ಮಲ ಮರಿಯ ತೊಡೆ ಬಾಲಗಳ ಚರ್ಮವನ್ನು ಸುಟ್ಟಂತೆ ಮಾಡಿ ಕೂದಲನ್ನು ಉದುರಿಸುತ್ತದೆ. ಬೆಚ್ಚಗಿನ ನೀರಿನಿಂದ ಮೆಲ್ಲಗೆ ತೊಳೆದು ಒರಸಿ ವ್ಯಾಸಲೀನನ್ನೋ ಸತುವಿನ ಮುಲಾಮನ್ನೋ ಸವರಬೇಕು. ಒಣಗಿದ ಮೃದುವಾದ ಹಾಸು, ಬೆಚ್ಚನೆಯ ಮೂಲೆ, ಎದ್ದು ನಿಲ್ಲಲಾಗದ ಮರಿಯನ್ನು ಆಗಾಗ ಮಗ್ಗುಲು ಬದಲಿಸುವ ಕೈ, ಇವಿಲ್ಲದೆ ಬೆಲೆಬಾಳುವ ಔಷಧವೂ ವ್ಯರ್ಥವಾದೀತು. ರೋಗದ ಮರಿಯನ್ನು ತಾಯಿಯೊಡನೆ ಬೇರೆಡೆ ಇರಿಸಿ, ಆರೋಗ್ಯವಾದ ಮರಿಗಳ ಕೆಲಸವನ್ನೆಲ್ಲ ಮುಗಿಸಿ ಕೊನೆಯಲ್ಲಿ ಅದರ ಬಳಿಗೆ ಹೋಗಬೇಕು. ನೆಲದ ಮೇಲಿನ ಲದ್ದಿಯನ್ನು ತೊಳೆಯದೆ ಸುರಿದ ಬ್ಲೀಚಿಂಗ್ ಪುಡಿ ಹೆಚ್ಚೇನೂ ಮಾಡದು. ಮೊದಲು ಕಸ ತೆಗೆದು ಉಜ್ಜಿ ತೊಳೆಯಬೇಕು, ಆಮೇಲೆ ಕ್ರಿಮಿನಾಶಕ. ಸಾಲ್ಮೊನೆಲ್ಲ ಮನುಷ್ಯರಿಗೂ ಅಂಟುವುದರಿಂದ, ಮರಿಯನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ತನ್ನ ಮನೆಯ ಕೂಸನ್ನು ಎತ್ತಿಕೊಳ್ಳಬಾರದು.

ನಮ್ಮ ದೇಶದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ 2016ರಿಂದ ರೋಟಾ ಲಸಿಕೆಯನ್ನು ಕೂಸಿನ ಬಾಯಿಗೇ ಹಾಕುವ ಏರ್ಪಾಡು ಆರಂಭವಾಯಿತು. ಕುದುರೆಮರಿಗೆ ಹಾಗೆ ಮಾಡುವಷ್ಟು ಬಿಡುವಿಲ್ಲ. ರೋಗ ಅದರ ಬೆನ್ನಹಿಂದೆಯೇ ಬರುತ್ತದೆ. ಆದುದರಿಂದಲೇ ಲಸಿಕೆ ತಾಯಿಗೆ, ತಾಯಿಯ ರಕ್ತದಿಂದ ಗಿಣ್ಣಿಗೆ, ಗಿಣ್ಣಿನಿಂದ ಮರಿಗೆ. ಈ ದಾರಿಯಲ್ಲಿ ಕೊನೆಯ ಹೆಜ್ಜೆ ತಪ್ಪಿದರೆ ಹಿಂದಿನ ಹೆಜ್ಜೆಗಳೆಲ್ಲ ನಿಷ್ಫಲ. ಮರಿ ಹುಟ್ಟಿದ ರಾತ್ರಿ ಕೆಚ್ಚಲನ್ನು ತೊಳೆದು, ಮರಿ ಮೊಲೆಯನ್ನು ಹಿಡಿದು ನುಂಗುವ ಸದ್ದನ್ನು ಕಿವಿಯಾರೆ ಕೇಳುವವರೆಗೆ ಲಾಯದಲ್ಲಿ ಕುಳಿತಿರುವವನು, ಮುಂದಿನ ವಾರ ಬರಬಹುದಾದ ಭೇದಿಯ ಚಿಕಿತ್ಸೆಯ ಅರ್ಧವನ್ನು ಅಂದೇ ಮಾಡಿ ಮುಗಿಸಿರುತ್ತಾನೆ. ಉಳಿದರ್ಧಕ್ಕೆ ಅವನು ದಿನವೂ ಬೆಳಿಗ್ಗೆ ಬಗ್ಗಿ ಕೆಚ್ಚಲನ್ನು ನೋಡಬೇಕು.